ಹೆಸರು ಹೇಳದ ಬೆಟ್ಟದ ಟೀ

ಒಂದಾನೊಂದು ಕಾಲದಲ್ಲಿ, ಅಂದ್ರೆ ಟೀ ಸೊಪ್ಪು ಇನ್ನೂ ಬಣ್ಣಬಣ್ಣದ ಪೊಟ್ಟಣದೊಳಗೆ ಹೊಕ್ಕಿರದ ಕಾಲದಲ್ಲಿ, ಒಂದು ಬೆಟ್ಟ ಇತ್ತಂತೆ. ಆ ಬೆಟ್ಟದ ಹೆಸರೇನಜ್ಜಿ ಅಂತ ಈಗ್ಲೇ ಬಾಯಿ ತೆರೀಬೇಡ, ಕಡೇಲಿ ಹೇಳ್ತೀನಿ. ಕಾಲು ಒಳಗೆ ಎಳ್ಕೊ, ಸರಿಯಾಗಿ ಹೊದ್ಕೊ, ಸುಮ್ನೆ ಕೇಳು.

ಆ ಬೆಟ್ಟದ ಮೈತುಂಬ ಟೀ ಗಿಡ. ಬೇರೆ ಕಡೆ ಟೀ ಇರಲಿಲ್ವಾ ಅಂದ್ರೆ ಇತ್ತು, ಬೇಕಾದಷ್ಟಿತ್ತು. ಆದ್ರೆ ಈ ಬೆಟ್ಟದಲ್ಲಿ ಬೆಳಿಗ್ಗೆ ಮಂಜು ಬಂದು ಗಿಡದ ಮೇಲೆ ಕೂತ್ಕೊಂಡ್ರೆ ಹೊತ್ತು ನೆತ್ತಿಗೆ ಬರೋವರ್ಗೂ ಏಳ್ತಿರಲಿಲ್ಲವಂತೆ. ಅಲ್ಲಿನ ಹೆಂಗಸ್ರು ಎರಡೆಲೆ ಒಂದು ಕುಡಿ ಚಿವುಟಿ, ಕರೀ ಕಂಬಳಿ ಹಾಸಿ, ಅದರ ಮೇಲೆ ಸೊಪ್ಪು ಹರವಿ, ಕಣಿವೆ ಗಾಳಿಗೆ ಬಾಡಿಸಿ, ಆಮೇಲೆ ಅಂಗೈಯಲ್ಲಿ ಉಜ್ಜಿ ಉಜ್ಜಿ ಸುರುಳಿ ಮಾಡಿ, ಹದವಾಗಿ ಹುರಿದು ಇಡ್ತಿದ್ರಂತೆ. ಆ ಟೀ ಕುಡಿದೋರು ಲೋಟ ಕೆಳಗಿಡದೆ ಇನ್ನೊಂದು ಲೋಟ ಕೇಳ್ತಿದ್ರಂತೆ. ದೂರದೂರದ ಪೇಟೆಯೋರೂ ಆ ಬೆಟ್ಟದ ಹೆಸರು ಹೇಳಿ, ಅದೇ ಟೀನೇ ಬೇಕು ಅಂತ ಹಟ ಹಿಡಿದು ತರಿಸ್ಕೋತಿದ್ರಂತೆ.

ಹೆಸರು ಊರೂರು ತಿರುಗ್ತಿತ್ತು, ಬೆಟ್ಟದ ಮೇಲೆ ಮಾತ್ರ ಅದನ್ನ ಯಾರೂ ಎತ್ತುತ್ತಿರಲಿಲ್ಲ. ಯಾಕೆ ಅಂದ್ರೆ ಆ ಹೆಂಗಸ್ರಿಗೆ ಬೆಟ್ಟ ಅಂದ್ರೆ ಗಂಡ. ಹೆಣ್ಣುಮಗು ಮೊದಲ ಸಲ ಸೊಪ್ಪಿನ ಬುಟ್ಟಿ ಬೆನ್ನಿಗೆ ಏರಿಸ್ಕೊಳ್ಳೋ ದಿನ, ಬೆಟ್ಟದ ಹೆಸರಲ್ಲಿ ಅವಳ ಕೈಗೆ ಅರಿಶಿನದ ದಾರ ಕಟ್ಟೋರಂತೆ. ಅಲ್ಲಿಂದಾಚೆಗೆ ಅವಳು ಆ ಹೆಸರನ್ನ ಬಾಯಲ್ಲಿ ತರೋ ಹಾಗಿಲ್ಲ. ನಿಮ್ಮ ತಾತನ ಹೆಸರು ನಾನು ಯಾವತ್ತಾದ್ರೂ ಹೇಳಿದ್ದು ಕೇಳಿದ್ದೀಯಾ? ಹಂಗೇ. ಗಂಡಸ್ರೋ, ಅಪ್ಪನ ಹೆಸರು ಹಿಡಿದು ಕೂಗೋಕಾಗುತ್ತಾ ಅಂತ ಅವರೂ ಹೇಳ್ತಿರಲಿಲ್ಲ. ಅವನು, ದೊಡ್ಡೋನು, ಮೇಲಿನೋನು ಅಂದ್ಕೊಂಡೇ ಕಾಲ ಹಾಕ್ತಿದ್ರಂತೆ. ಹೇಳಿಬಿಟ್ರೆ ಮಂಜು ಮುನಿಸ್ಕೊಂಡು ಹೋಗುತ್ತೆ, ಕುಡಿ ಕರ್ರಗಾಗಿ ಉದುರುತ್ತೆ ಅನ್ನೋ ಭಯ.

ಆ ಹೆಂಗಸರಲ್ಲೆಲ್ಲ ಹಿರಿಯಳು ದುಂಡವ್ವ. ಹೆಸರಿಗೆ ದುಂಡವ್ವ, ಆಳು ನೋಡಿದ್ರೆ ಒಣಗಿದ ಸೌದೆ. ಸೊಪ್ಪು ಬಾಡಿದ್ದು ಸಾಕಾ ಇನ್ನೂ ಬೇಕಾ ಅಂತ ಮೂಗಿನ ಹತ್ರ ತಂದು ಹೇಳಿದ್ಲು ಅಂದ್ರೆ ಅದೇ ಕೊನೆ ಮಾತು. ಅವಳ ಮನೆಗೆ ಪಟ್ಟಣದಿಂದ ಮಂಡಿ ಪಾಪಯ್ಯ ಅಂತ ಒಬ್ಬ ವ್ಯಾಪಾರಿ ವರ್ಷವರ್ಷವೂ ಬರ್ತಿದ್ದನಂತೆ. ಅಕ್ಕಾ ಅಕ್ಕಾ ಅಂತ ಬಾಯ್ತುಂಬ ಕರೆದು, ಅವಳು ತಟ್ಟಿದ ರೊಟ್ಟಿ ತಿಂದು, ಎಲ್ಲರಿಗಿಂತ ಮುಂಚೆ ಮೊದಲ ಕುಯ್ಲಿನ ಸೊಪ್ಪು ಹೊತ್ಕೊಂಡು ಹೋಗ್ತಿದ್ದನಂತೆ. ದಾರ ಕಟ್ಟೋ ದಿನ ಒಂದ್ಸಲ ಅವನೂ ಅಲ್ಲೇ ಕೂತು ಪಾಯಸ ಉಂಡಿದ್ದನಂತೆ. ಇದನ್ನ ನೆನಪಲ್ಲಿಟ್ಕೊ ಕಂದ, ಮುಂದೆ ಬರುತ್ತೆ.

ಹಿಂಗಿರಬೇಕಾದ್ರೆ ಆ ರಾಜ್ಯದ ರಾಜನಿಗೆ ಯಾರೋ ಬಯಲುಸೀಮೆಯ ಯಾವುದೋ ಸೊಪ್ಪನ್ನ ಈ ಬೆಟ್ಟದ ಟೀ ಅಂತ ಹೇಳಿ ಕುಡಿಸಿಬಿಟ್ರಂತೆ. ರಾಜ ಒಂದು ಗುಟುಕಿಗೇ ಉಗುಳಿ, ನನಗೇ ಹಿಂಗೆ ಮೋಸ ಮಾಡಿದ್ರೆ ಬಡವರ ಪಾಡೇನು ಅಂತ ಕೆಂಡವಾಗಿ, ಒಂದು ಕಾನೂನು ಮಾಡಿದನಂತೆ. ಯಾವ ನೆಲದ ಹೆಸರೋ ಆ ನೆಲದೋರಿಗೇ ಸೇರಬೇಕು, ಹೆಸರಿನ ಚಾವಡಿ ಅಂತ ಒಂದು ಕಟ್ಟಿಸ್ತೀನಿ, ಬಂದು ನಿಮ್ಮ ಹೆಸರು ಬರೆಸಿ ಮೊಹರು ಹಾಕಿಸ್ಕೊಳ್ಳಿ, ಒಂದ್ಸಲ ಮೊಹರು ಬಿತ್ತು ಅಂದ್ರೆ ನಾನೇ ಬಂದ್ರೂ ಅಳಿಸೋ ಹಾಗಿಲ್ಲ, ಮೊಹರಿಲ್ಲದೋರು ಆ ಹೆಸರು ಹೇಳಿ ಮಾರೋ ಹಾಗಿಲ್ಲ ಅಂತ ಡಂಗುರ ಹೊಡೆಸಿದನಂತೆ. ರಾಜ ಕೆಟ್ಟೋನಲ್ಲ, ಕಾನೂನೂ ಕೆಟ್ಟದ್ದಲ್ಲ. ಅದೇ ನೋಡು ಸಂಕಟ, ಯಾರನ್ನ ಬೈಯೋದು ಅಂತಾನೇ ಗೊತ್ತಾಗಲ್ಲ.

ಬೆಟ್ಟದೋರೆಲ್ಲ ಸೇರಿ ಸೊಪ್ಪಿನ ವಿಷಯ ಹೆಂಗಸರದ್ದು, ದುಂಡವ್ವನೇ ಹೋಗ್ಲಿ ಅಂದ್ರಂತೆ. ಆಮೇಲೆ ದುಂಡವ್ವ ಒಂದು ಗಂಟಲ್ಲಿ ಟೀ, ಇನ್ನೊಂದು ಗಂಟಲ್ಲಿ ರೊಟ್ಟಿ ಕಟ್ಕೊಂಡು ಬೆಟ್ಟ ಇಳಿದು, ಮೂರು ದಿನ ನಡೆದು ಚಾವಡಿಗೆ ಹೋದ್ರೆ, ಅಲ್ಲಿ ಜಗಲಿ ಮೇಲೆ ಆಗ್ಲೇ ಮಂಡಿ ಪಾಪಯ್ಯ ಕಾಲಮೇಲೆ ಕಾಲು ಹಾಕ್ಕೊಂಡು ಕೂತಿದ್ದನಂತೆ. ಏನಪ್ಪಾ ಪಾಪಯ್ಯ ನೀನಿಲ್ಲಿ ಅಂದ್ರೆ, ನಾನೂ ಅದೇ ಹೆಸರು ಬರೆಸೋಕೆ ಬಂದೆ ಅಕ್ಕಾ ಅಂದನಂತೆ. ಅಕ್ಕಾ ಅಂತಾನೇ ಅಂದನಂತೆ, ನಾಚಿಕೆಗೆಟ್ಟೋನು.

ಚಾವಡಿಯ ಅಧಿಕಾರಿ, ಒಂದೇ ಹೆಸರಿಗೆ ಇಬ್ಬರು ಬಂದಿದ್ದೀರಿ, ಮೂರು ಪರೀಕ್ಷೆ ಇಡ್ತೀನಿ, ಗೆದ್ದೋರಿಗೆ ಹೆಸರು ಅಂದನಂತೆ. ಮೊದಲನೇದು, ಹೆಸರಿನ ಎಲ್ಲೆ ತೋರಿಸ್ಬೇಕು. ದುಂಡವ್ವ ಅಧಿಕಾರಿಯ ಆಳನ್ನ ಬೆಟ್ಟಕ್ಕೆ ಕರ್ಕೊಂಡು ಹೋಗಿ, ಮಂಜು ಎಲ್ಲಿವರೆಗೆ ಇಳಿಯುತ್ತೋ ಅಲ್ಲಿವರೆಗೆ ಬರಿಗಾಲಲ್ಲಿ ಸುತ್ತು ಬಂದು, ಒಂದೊಂದು ಕಲ್ಲನ್ನೂ ಮುಟ್ಟಿ ಮುಟ್ಟಿ ತೋರಿಸಿದಳಂತೆ. ತಿರುಗಿ ಚಾವಡಿಗೆ ಬರೋ ಹೊತ್ತಿಗೆ ಅವಳ ಕಾಲು ಬಿರಿದು ರಕ್ತ ಬಂದಿತ್ತು. ಪಾಪಯ್ಯ ಕೂತಲ್ಲಿಂದ ಏಳಲಿಲ್ಲ, ಒಂದು ನಕ್ಷೆ ಬಿಚ್ಚಿ ಹಾಸಿದನಂತೆ. ಅದರಲ್ಲಿ ಬೆಟ್ಟವೂ ಇತ್ತು, ಬೆಟ್ಟದ ಕೆಳಗಿನ ಬಯಲಲ್ಲಿದ್ದ ಅವನ ತೋಟವೂ ಇತ್ತು, ಎರಡಕ್ಕೂ ಸೇರಿಸಿ ಅಂದವಾಗಿ ಒಂದೇ ಕೆಂಪುಗೆರೆ ಎಳೆದಿತ್ತು. ಅಧಿಕಾರಿ ಅವಳ ಕಾಲು ನೋಡಿ ಸರಿ ಅಂದ, ಇವನ ಗೆರೆ ನೋಡಿನೂ ಸರಿ ಅಂದ.

ಎರಡನೇದು, ರುಚಿ. ಇದರಲ್ಲಿ ಅವನು ಸಿಕ್ಕಿಬೀಳ್ತಾನೆ ಅಂತ ದುಂಡವ್ವನಿಗೆ ಉಸಿರು ಬಂತಂತೆ. ಇಬ್ಬರೂ ಟೀ ಕಾಯಿಸಿ ಕೊಟ್ರು. ಅಧಿಕಾರಿ ಇವಳ ಲೋಟ ಕುಡಿದು ಇನ್ನೊಂದು ಲೋಟ ಕೇಳಿದ, ಅವನ ಲೋಟ ಕುಡಿದು ಅದರಲ್ಲೂ ಇನ್ನೊಂದು ಲೋಟ ಕೇಳಿದ. ದುಂಡವ್ವ ಪಾಪಯ್ಯನ ಲೋಟ ಈಸ್ಕೊಂಡು ಮೂಗಿಗೆ ಹಿಡಿದ್ರೆ ಏನದು, ತಾನೇ ಕಂಬಳಿ ಮೇಲೆ ಹರವಿ, ತನ್ನ ಅಂಗೈಯಲ್ಲೇ ಉಜ್ಜಿ, ಹೋದ ವರ್ಷ ಅವನಿಗೆ ಕಟ್ಟಿಕೊಟ್ಟಿದ್ದ ಸೊಪ್ಪು! ಬುದ್ಧೀ, ಇದು ನಮ್ಮದು ಬುದ್ಧೀ ಅಂತ ಬಡ್ಕೊಂಡ್ಲಂತೆ. ಅವನೂ ಅದನ್ನೇ ಹೇಳ್ತಿದ್ದಾನಲ್ಲಮ್ಮ ನಮ್ಮದು ಅಂತ, ಅಂದು ಅಧಿಕಾರಿ ಎರಡಕ್ಕೂ ಸರಿ ಹಾಕಿದನಂತೆ.

ಆಮೇಲೆ ಮೂರನೇದು. ಏನಿಡೋದು ಅಂತ ಅಧಿಕಾರಿ ಯೋಚನೆ ಮಾಡ್ತಿರಬೇಕಾದ್ರೆ ಪಾಪಯ್ಯ ಮೆಲ್ಲಗೆ, ಬುದ್ಧೀ, ಹೆಸರು ಯಾರದ್ದೋ ಅವರಿಗೆ ಹೆಸರು ಹೇಳೋಕೆ ಬರಬೇಕಲ್ವಾ, ಸಭೆಯಲ್ಲಿ ಗಟ್ಟಿಯಾಗಿ ಮೂರು ಸಲ ಹೇಳಲಿ, ಹೇಳಿದೋರದ್ದನ್ನ ಬರ್ಕೊಳ್ಳಿ ಅಂದನಂತೆ. ದಾರ ಕಟ್ಟೋ ದಿನ ಪಾಯಸ ಉಂಡಿದ್ದನಲ್ಲ, ಇವಳು ಆ ಹೆಸರು ಎತ್ತೋ ಹಾಗಿಲ್ಲ ಅಂತ ಅವನಿಗೆ ಗೊತ್ತಿತ್ತು. ಅಧಿಕಾರಿಗೆ ಇದೇನು ಮಹಾ ಅನ್ನಿಸ್ತು, ಆಗಲಿ ಅಂದ. ಮೊದಲು ಅಮ್ಮ ಹೇಳಲಿ, ಹೆಂಗಸು, ವಯಸ್ಸಾದೋರು ಅಂತ ಮರ್ಯಾದೆನೂ ಕೊಟ್ಟ.

ದುಂಡವ್ವ ಎದ್ದು ನಿಂತ್ಲು. ಬಾಯಿ ತೆರೆದ್ಲು. ಕೈಯಲ್ಲಿದ್ದ ದಾರ ಕಾಣಿಸ್ತು, ಬಾಯಿ ಮುಚ್ಚಿದ್ಲು. ಸಭೆಯಲ್ಲಿದ್ದ ಹೆಂಗಸ್ರು, ಒಡಪು ಕಟ್ಟಿ ಹೇಳಮ್ಮ, ನಾವೆಲ್ಲ ಮದುವೆಯಲ್ಲಿ ಗಂಡನ ಹೆಸರು ಹಂಗೇ ತಾನೆ ಹೇಳೋದು ಅಂದ್ರಂತೆ. ಒಡಪು ಕಟ್ಟಿದ್ರೂ ಕಡೇಲಿ ಹೆಸರು ಬರ್ಲೇಬೇಕಲ್ಲವ್ವ ಅಂದ್ಲಂತೆ. ಕೈ ಎತ್ತಿ ಕಿಟಕಿಯಾಚೆ ದೂರದಲ್ಲಿ ನೀಲಿಯಾಗಿ ಕಾಣ್ತಿದ್ದ ಬೆಟ್ಟ ತೋರಿಸಿದ್ಲು, ಅಗೋ ಅವನು ಬುದ್ಧೀ, ಅವನೇ ಅಂದ್ಲು. ಕೈ ತೋರಿಸಿದ್ದನ್ನ ಬರ್ಕೊಳ್ಳೋಕಾಗಲ್ಲಮ್ಮ ಅಂದನಂತೆ ಅಧಿಕಾರಿ.

ಎರಡನೇ ಸಲ ಬಾಯಿ ತೆರೆದ್ಲು. ಅವಳ ಅವ್ವ ಸಾಯೋ ಹೊತ್ತಲ್ಲಿ ನೀರು ಕೇಳಿ, ಮಕ್ಕಳನ್ನ ಕೇಳಿ, ಕಡೆಗೆ ಬೆಟ್ಟದ ಕಡೆ ತಿರುಗಿ, ಹೆಸರು ಹೇಳದೆ ಕೈ ಮುಗಿದು ಕಣ್ಮುಚ್ಚಿದ್ದು ನೆನಪಾಯ್ತು. ತೆರೆದ ಬಾಯಿ ಮತ್ತೆ ಮುಚ್ಚಿದ್ಲು. ನಾನು ಹೇಳಿ, ನಾಳೆ ಮಂಜು ಬರದೆ ಹೋದ್ರೆ, ಕುಡಿ ಕಪ್ಪಾದ್ರೆ, ಬೆಟ್ಟದೋರ ಹೊಟ್ಟೆಗೇನು ಅಂತ ಮೈಯೆಲ್ಲ ಬೆವರಿತು. ಹೇಳದೆ ಹೋದ್ರೂ ಹೊಟ್ಟೆಗೇನು ಅಂತ ಇನ್ನೊಂದು ಸಲ ಬೆವರಿತು. ಹಂಗೂ ಸಾವು, ಹಿಂಗೂ ಸಾವು ಅಂದ್ಕೊಂಡು, ಕಣ್ಮುಚ್ಚಿ, ದಾರ ಕಿತ್ತು ಮಡಿಲಿಗೆ ಹಾಕ್ಕೊಂಡು, ಮೂರನೇ ಸಲ ಬಾಯಿ ತೆರೆಯೋದ್ರೊಳಗೆ ಪಾಪಯ್ಯ ಎದ್ದು ನಿಂತು, ಆಳನ್ನ ಕೂಗೋ ಹಂಗೆ, ಗಂಟಲು ಬಿಟ್ಟು, ಮೂರು ಸಲ ಆ ಹೆಸರು ಹೇಳಿಬಿಟ್ಟನಂತೆ. ಬರೆಯೋನು ಬರೆದ. ಅಧಿಕಾರಿ ಮೊಹರು ಒತ್ತಿದ.

ಆಮೇಲೆ ದುಂಡವ್ವ ಕೂಗಿದ್ಲು ಕಂದ. ಒಂದಲ್ಲ, ಮೂರಲ್ಲ, ಎಷ್ಟು ಸಲವೋ ಕೂಗಿದ್ಲು ಆ ಹೆಸರನ್ನ. ಚಾವಡಿಯ ಹೆಂಚೆಲ್ಲ ನಡುಗೋ ಹಂಗೆ ಕೂಗಿದ್ಲಂತೆ. ಇಷ್ಟು ಚೆನ್ನಾಗಿ ಬರುತ್ತಲ್ಲಮ್ಮ, ಮೊದಲೇ ಹೇಳೋದಲ್ವಾ ಅಂದನಂತೆ ಅಧಿಕಾರಿ, ಪಾಪ ಅವನಿಗೇನು ಗೊತ್ತು. ಇನ್ಮೇಲೆ ಆ ಹೆಸರು ಹೇಳಿ ಸೊಪ್ಪು ಮಾರಿದ್ರೆ ತಪ್ಪಾಗುತ್ತೆ, ಹುಷಾರು ಅಂತ ಬುದ್ಧಿನೂ ಹೇಳಿ ಕಳಿಸಿದನಂತೆ.

ವ್ರತವೂ ಹೋಯ್ತು, ಹೆಸರೂ ಹೋಯ್ತು, ಬರಿಗೈಲಿ ಬೆಟ್ಟ ಹತ್ತಿ ದುಂಡವ್ವ ಆದದ್ದನ್ನೆಲ್ಲ ಹೇಳಿದ್ಲಂತೆ. ಒಲೆ ಹಚ್ಚದೆ ಎಲ್ಲರೂ ಕಾದ್ರಂತೆ, ನಾಳೆ ಮಂಜು ಬರಲ್ಲ, ಆಯ್ತು ನಮ್ಮ ಕತೆ ಅಂತ. ಬೆಳಗಾಯ್ತು. ಮಂಜು ಬಂತು. ದಿನಾ ಬರೋ ಹಂಗೇ ಬಂದು ಗಿಡದ ಮೇಲೆ ಕೂತ್ಕೊಂತು. ಕುಡಿ ಕಪ್ಪಾಗಲಿಲ್ಲ, ಹಸುರು ಹಸುರಾಗೇ ಇತ್ತು. ಬೆಟ್ಟದೋರು ಬದುಕಿದ್ವಿ ಅಂತ ಕೈ ಮುಗಿದ್ರು. ದುಂಡವ್ವ ಮಾತ್ರ ಗಿಡದ ಬುಡದಲ್ಲಿ ಕೂತು, ಚಾವಡಿಯಲ್ಲೂ ಅಳದೋಳು, ಅವತ್ತು ಎದೆ ಒಡೆಯೋ ಹಂಗೆ ಅತ್ಲಂತೆ. ಹೇಳಿದ್ರೂ ಏನೂ ಆಗ್ತಿರಲಿಲ್ಲ, ಏನೂ ಆಗ್ತಿರಲಿಲ್ಲ ಅಂತ. ಇಷ್ಟು ವರ್ಷ ನಾನೇ ಹೆದರಿದೆ, ಇವನು ಒಂದು ದಿನಾನೂ ಮುನಿಸ್ಕೊಳ್ಳೋನಾಗಿರಲಿಲ್ಲ ಅಂತ.

ಆಮೇಲೇನು. ಪಾಪಯ್ಯನ ಬಯಲು ತೋಟದ ಸೊಪ್ಪು ಬೆಟ್ಟದ ಹೆಸರು ಹೊತ್ತು ಚೀಲ ಚೀಲ ಹೋಗ್ತಿತ್ತು. ಬೆಟ್ಟದೋರು ಟೀ ತಗೊಂಡು ಪೇಟೆಗೆ ಹೋದ್ರೆ, ಇದೇನು ಸೊಪ್ಪು ಅಂತ ಕೇಳೋರು. ಹೆಸರು ಹೇಳಿದ್ರೆ ಹಿಡೀತಾರೆ, ಸುಮ್ನೆ ಸೊಪ್ಪು ಅಂದ್ರೆ ಯಾರೂ ಮುಟ್ಟಲ್ಲ. ಕಡೆಗೆ ಪಾಪಯ್ಯನಿಗೇ ಕೊಡ್ಬೇಕಾಯ್ತಂತೆ. ಅವನು ಅವರ ಸೊಪ್ಪನ್ನ ಒಂದೊಂದು ಚೀಲಕ್ಕೆ ಒಂದೊಂದು ಹಿಡಿ ಬೆರೆಸೋನಂತೆ, ವಾಸನೆಗೆ. ಕೆಲವರು ಬೆಟ್ಟ ಬಿಟ್ಟು ಇಳಿದುಹೋದ್ರು. ಚಿವುಟೋರಿಲ್ಲದೆ ಟೀ ಗಿಡ ಮರ ಆಯ್ತು, ಮರದ ತುದಿಯ ಕುಡಿ ಯಾರಿಗೂ ಎಟುಕದೆ ಹಂಗೇ ಬಲಿತು ಉದುರ್ತಿತ್ತಂತೆ. ಕಂಬಳಿಗಳನ್ನ ನುಸಿ ತಿಂತು. ರಾಜನ ಮುಂದೆ ದೂರಿದ್ರೆ, ಮೊಹರು ಬಿದ್ದಿದೆಯಲ್ಲ ಅಂತ ಅವನೂ ತಲೆ ತಗ್ಗಿಸಿದನಂತೆ.

ಸುಖವಾಗಿದ್ರು ಅಂತ ಹೇಳಜ್ಜಿ ಅಂತೀಯಾ? ಎಲ್ಲಿಂದ ತಂದು ಹೇಳಲಿ? ಆದ್ರೆ ಒಂದು ಆಯ್ತು. ದುಂಡವ್ವ ಹಾಸಿಗೆ ಹಿಡಿದ ಮೇಲೆ ಉಳಿದಿದ್ದ ಹೆಣ್ಣುಮಕ್ಕಳನ್ನೆಲ್ಲ ಹತ್ತಿರ ಕರೆದು, ಇನ್ಮೇಲೆ ದಾರ ಕಟ್ಟೋವಾಗ ಹೆಸರು ಮುಚ್ಚಿಡಬೇಡಿ, ಕಟ್ಟಿಸ್ಕೊಳ್ಳೋಳು ಗಟ್ಟಿಯಾಗಿ ಮೂರು ಸಲ ಹೇಳಲಿ, ಮಾರೋಕಲ್ಲ, ಮರೀದೇ ಇರೋಕೆ, ಬೆಟ್ಟ ಬಿಟ್ಟು ಎಲ್ಲಿಗೆ ಹೋದ್ರೂ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಮಲಗಿಸೋವಾಗ ಹೇಳಿಸಿ ಅಂದ್ಲಂತೆ. ಅಷ್ಟು ಹೇಳಿ, ಬೆಟ್ಟದ ಕಡೆ ತಿರುಗಿ, ಗಂಡನನ್ನ ಕರೆಯೋ ಹಂಗೆ ಹೆಸರು ಹಿಡಿದೇ ಕರೆದು ಕಣ್ಮುಚ್ಚಿದ್ಲಂತೆ. ಅವಳ ಮುಖ ತಿಳಿಯಾಗಿತ್ತಂತೆ.

ಕೈ ಕೊಡು ಇಲ್ಲಿ. ನಿನ್ನ ಕೈಗೆ ನಾನು ಕಟ್ಟಿರೋ ಈ ಅರಿಶಿನದ ದಾರ ಯಾಕೆ ಅಂತ ದಿನಾ ಕೇಳ್ತಿದ್ದೆಯಲ್ಲ, ನನ್ನ ಅವ್ವನ ಅವ್ವ ಆ ಬೆಟ್ಟದೋಳು. ಈಗ ಹೇಳ್ತೀನಿ ಕೇಳು, ಅವನ ಹೆಸರು ಮುಗಿಲಯ್ಯ. ಹೇಳು. ಮುಗಿಲಯ್ಯ. ಹಾಂ, ಒಂದಾಯ್ತು. ಇನ್ನೊಂದ್ಸಲ, ಇನ್ನೂ ಗಟ್ಟಿಯಾಗಿ. ಮುಗಿಲಯ್ಯ. ಎರಡಾಯ್ತು, ಜಾಣೆ. ಮೂರನೇದು? ಕಂದಾ, ಮೂರನೇದು?

ಮಲಗೇಬಿಟ್ಳು. ಮಲಗಲಿ ಬಿಡು, ಮೂರನೇದು ನಾನೇ ಹೇಳ್ತೀನಿ. ಮುಗಿಲಯ್ಯ. ಇಲ್ಲಿಗೆ ನಮ್ಮ ಬೆಟ್ಟದ ಕತೆ ಮುಗೀತು.