ಜಟಂಗಿ ನಾಯಕನ ಕಾದ ಕೊಳ

"ಮಟಮಟ ಮಧ್ಯಾಹ್ನ ನಾನು ಕೊಳಕ್ಕಿಳಿದರೆ ಹಲ್ಲು ಕಟಕಟ ಅನ್ನಬೇಕು!" ಎಂದು ಕಾದುಗಲ್ಲಿನ ಪಾಳೆಯಗಾರ ಜಟಂಗಿ ನಾಯಕ ತುಂಬಿದ ಸಭೆಯಲ್ಲಿ ಅಪ್ಪಣೆ ಮಾಡಿದ. ಆಗ ವೈಶಾಖ ಮಾಸ. ಊರಿನ ನಾಯಿಗಳು ಬೊಗಳುವ ಕೆಲಸವನ್ನು ಸಂಜೆಗೆ ಮುಂದೂಡಿದ್ದವು.

ಅರಮನೆಯ ಹಿತ್ತಿಲಿನ ಆ ಕೊಳವನ್ನು ನೋಡಿಕೊಳ್ಳುತ್ತಿದ್ದವನು ಪಾಲಯ್ಯ. ಅವನ ಅಪ್ಪನೂ ಅದೇ ಕೊಳದ ಪಾಚಿ ಉಜ್ಜಿ ಮುದುಕನಾದವನು.

"ಪಾಲಯ್ಯ, ಮೂರು ದಿನ ಕೊಟ್ಟಿದ್ದೇನೆ. ನೀರು ತಣ್ಣಗಾಗದಿದ್ದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡು" ಎಂದ ನಾಯಕ.

ನೀರು ಏಕೆ ಕಾಯುತ್ತಿದೆ ಎಂಬುದು ಪಾಲಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ತಿಂಗಳ ಹಿಂದಿನವರೆಗೂ ಕೊಳದ ಸುತ್ತ ಹನ್ನೊಂದು ಹೊಂಗೆಮರಗಳಿದ್ದವು. ಒಂದು ದಿನ ಬೀಗರನ್ನು ಕೂರಿಸಿಕೊಂಡು ನಾಯಕ ಈಜಿ ತೋರಿಸಿದ. ಮೇಲೆದ್ದಾಗ ಮೀಸೆಯ ತುಂಬ ಹೊಂಗೆಹೂವು. ಬೀಗರು ನಕ್ಕರು. ಬೀಗಿತ್ತಿ ಇನ್ನೂ ಜೋರಾಗಿ ನಕ್ಕರು. ಮಾರನೆಯ ದಿನ ನಾಯಕನ ಅಪ್ಪಣೆಯಂತೆ ಹನ್ನೊಂದೂ ಮರ ನೆಲಕ್ಕುರುಳಿದವು. ಆಮೇಲೆ ಅರಮನೆಯಲ್ಲಿ ಹೊಂಗೆಯ ಹೆಸರೆತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಹಾಗಾಗಿ ಬೇರೆ ಉಪಾಯಗಳು ನಡೆದವು. ಆಸ್ಥಾನದ ವೈದ್ಯರು ಬೆರಳದ್ದಿ ನೋಡಿ, ಕೊಳಕ್ಕೆ ಪಿತ್ತ ಕೆರಳಿದೆ ಎಂದು ಎರಡು ಹಂಡೆ ಮಜ್ಜಿಗೆ ಸುರಿಸಿದರು. ಕಪ್ಪೆಗಳು ಹೊರಟುಹೋದವು. ದಳವಾಯಿಗಳು ಇಬ್ಬರು ಸಿಪಾಯಿಗಳನ್ನು ನಿಲ್ಲಿಸಿ ನೀರಿಗೆ ಬೀಸಣಿಗೆ ಬೀಸಿಸಿದರು. ಸಿಪಾಯಿಗಳು ತಲೆ ಸುತ್ತಿ ಕೊಳಕ್ಕೇ ಬಿದ್ದರು.

ಎರಡನೆಯ ದಿನ ಸಂಜೆ ಪಾಲಯ್ಯ ಸೀಬಯ್ಯನ ಮನೆಗೆ ಹೋದ. ಸೀಬಯ್ಯ ಆಸ್ಥಾನದ ಜಾಣ. ಜಗುಲಿಯ ಮೇಲೆ ತಲೆಗೆ ಒದ್ದೆ ಪಂಚೆ ಹಾಕಿಕೊಂಡು ಕೂತಿದ್ದ.

"ಸ್ವಾಮಿ, ನನ್ ಹೆಂಡ್ತಿ ಬೋರಕ್ಕ ಆಗ್ಲೇ ಪಾತ್ರೆ ಮೂಟೆ ಕಟ್ಟವ್ಳೆ" ಎನ್ನುವಾಗ ಪಾಲಯ್ಯನಿಗೆ ಅಳು ಬಂತು. "ನೆಳ್ಳು ಹೋಗಿದ್ದಕ್ಕೇ ನೀರು ಕಾದೈತೆ ಅಂತ ಬುದ್ಯೋರಿಗೆ ಹೇಳೋರು ಯಾರು?"

"ನಾವ್ಯಾಕೆ ಹೇಳಬೇಕು? ಅವರೇ ಹೇಳ್ತಾರೆ. ನೀನು ಮನೆಗೆ ಹೋಗಿ ಊಟ ಮಾಡು."

ಪಾಲಯ್ಯ ಮನೆಗೆ ಹೋದ. ಊಟ ಮಾತ್ರ ಸೇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾಯಕ ತಲೆಗೆ ಹರಳೆಣ್ಣೆ ತಟ್ಟಿಸಿಕೊಂಡು, ಸ್ನಾನಕ್ಕೆ ಸಿದ್ಧನಾಗಿ ಕೊಳದ ಕಟ್ಟೆಗೆ ಬಂದ. ಹಿಂದೆ ಛತ್ರಿ ಹಿಡಿಯುವವನು, ಅವನ ಹಿಂದೆ ಇಡೀ ಆಸ್ಥಾನ.

ಸೀಬಯ್ಯ ಕೈಮುಗಿದ. "ಪ್ರಭು, ಪಾಲಯ್ಯನ ಪರವಾಗಿ ಕೊಳ ತಣ್ಣಗೆ ಮಾಡಲು ನಾನು ಬಂದಿದ್ದೇನೆ. ತಮ್ಮ ಛತ್ರಿ ಒಂದು ಗಳಿಗೆ ಬೇಕು."

"ನನ್ನ ಕೊಳಕ್ಕೆ ನನ್ನ ಛತ್ರಿ. ತೆಗೆದುಕೋ."

ಛತ್ರಿಯವನು ಸೊಂಟಮಟ್ಟದ ನೀರಿಗಿಳಿದು ಕೊಳಕ್ಕೆ ಛತ್ರಿ ಹಿಡಿದು ನಿಂತ.

"ಪ್ರಭುಗಳು ಇಲ್ಲೇ ನಿಂತು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ನಾವು ಕದ್ದು ತಣ್ಣೀರು ಸುರಿದೆವು ಎಂದು ನಾಳೆ ದಳವಾಯಿಗಳು ಅನ್ನುತ್ತಾರೆ."

ದಳವಾಯಿಗಳು ಹೌದು, ಅನ್ನುತ್ತೇವೆ ಎಂಬಂತೆ ತಲೆಯಾಡಿಸಿದರು. ನಾಯಕ ನಿಂತ. ಕಾಲಡಿಯ ಕಲ್ಲು ಸುಡುತ್ತಿತ್ತು, ಒಂದು ಕಾಲು ಬದಲಿಸಿ ಇನ್ನೊಂದು ಕಾಲಿನ ಮೇಲೆ ನಿಂತ. ಹರಳೆಣ್ಣೆ ಹಣೆಯ ಮೇಲಿಂದ ಹುಬ್ಬಿಗಿಳಿಯಿತು. ಪಾಲಯ್ಯ ಮನೆದೇವರಿಗೆ ಮೂರನೆಯ ಸಲ ಹರಕೆ ಹೊತ್ತ.

ಕಾಲು ಗಳಿಗೆಯೂ ಆಗಿರಲಿಲ್ಲ, ನಾಯಕ ನೆತ್ತಿ ಮುಟ್ಟಿಕೊಂಡು ಕೈ ಹಿಂದಕ್ಕೆಳೆದ. "ಅಯ್ಯಯ್ಯೋ! ನನ್ನ ತಲೆ ಕಾದ ಹೆಂಚಾಗಿದೆ!"

"ಅನ್ಯಾಯ" ಎಂದ ಸೀಬಯ್ಯ. "ಪ್ರಭುಗಳ ತಲೆ ನೋಡಿಕೊಳ್ಳುವವರು ಯಾರು?"

"ಕ್ಷೌರದ ನಂಜ."

"ಪಾಪ, ಹಾಗಾದರೆ ನಂಜ ಊರು ಬಿಡಬೇಕು."

"ನಿನಗೆ ಬುದ್ಧಿ ಇದೆಯೇನಯ್ಯ?" ನಾಯಕ ಗುಡುಗಿದ. "ನಂಜ ಏನು ಮಾಡಿದ? ಎಣ್ಣೆ ಹಚ್ಚಿದ, ಅಷ್ಟೇ. ತಲೆ ಕಾದದ್ದು ಬಿಸಿಲಿಗೆ. ಊರು ಬಿಡಬೇಕಾದವನು ನೋಡಿಕೊಳ್ಳುವವನಲ್ಲ, ನೆರಳು ತೆಗೆಸಿದವನು!"

"ಇದು ಪ್ರಭುಗಳ ತೀರ್ಪೋ?"

"ತೀರ್ಪೇ!"

ಸೀಬಯ್ಯ ತಲೆಯ ರುಮಾಲು ಬಿಗಿಮಾಡಿಕೊಂಡ. ಪಂಚೆ ಮೇಲೆತ್ತಿ ಕಟ್ಟಿದ. ನಾಯಕನಿಗೆ ಉದ್ದಂಡ ನಮಸ್ಕಾರ ಹಾಕಿ ಎದ್ದು ನಿಂತ.

"ತಲೆಯ ನೆರಳು ತೆಗೆಸಿದವನು ನಾನು. ಹೊರಟೆ ಪ್ರಭು. ಕೊಳದ ನೆರಳು ತೆಗೆಸಿದವರೂ ಜೊತೆಗೆ ಹೊರಟರೆ ದಾರಿಯಲ್ಲಿ ಮಾತಿಗೆ ಜನ ಆಗುತ್ತದೆ."

ಪಾಲಯ್ಯ ಕಣ್ಣು ಮುಚ್ಚಿಕೊಂಡ. ನಾಯಕ ಹನ್ನೊಂದು ಮರಗಳ ಬೊಡ್ಡೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಬೀಗಿತ್ತಿಗಿಂತ ಜೋರಾಗಿ ನಕ್ಕ.

ಸಂಜೆಯೊಳಗೆ ಕೊಳದ ಮೇಲೆ ತೆಂಗಿನ ಗರಿಯ ಚಪ್ಪರ ಏಳಬೇಕು, ಮಳೆ ಬಿದ್ದ ಕೂಡಲೆ ಹೊಂಗೆ ಸಸಿ ನೆಡಬೇಕು, ಪಾಲಯ್ಯ ಊರಲ್ಲೇ ಇರಬೇಕು ಎಂದು ಅಪ್ಪಣೆಯಾಯಿತು. ಸೀಬಯ್ಯನ ಜಾಣತನಕ್ಕೆ ಮೆಚ್ಚಿ ನಾಯಕ ದಪ್ಪ ಉಣ್ಣೆಯ ಶಾಲು ತರಿಸಿ ತನ್ನ ಕೈಯಾರೆ ಹೊದಿಸಿದ.

ಸೀಬಯ್ಯ ಅದನ್ನು ಹೊದ್ದುಕೊಂಡೇ ಬಿಸಿಲಲ್ಲಿ ಕೈಮುಗಿದು ನಿಂತ. ಪಾಲಯ್ಯ ಅಷ್ಟು ಹೊತ್ತಿಗಾಗಲೇ ಬೋರಕ್ಕನ ಮೂಟೆ ಬಿಚ್ಚಿಸಲು ಮನೆಯ ಕಡೆ ಓಡಿದ್ದ.