ಸೌಟು ಕಂಡ ಸಜ್ಜನಿಕೆ

ನೆರೆಗೆ ಮನೆ ಕಳೆದುಕೊಂಡವರಿಗಾಗಿ ಶಾಲೆಯೊಂದರಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಅಲ್ಲಿ ಬಡಿಸುತ್ತಿದ್ದ ಸೌಟಿಗೆ ತನ್ನ ನ್ಯಾಯದ ಮೇಲೆ ಬಹಳ ಹೆಮ್ಮೆ. ಯಾರೇ ಬರಲಿ, ತಟ್ಟೆಗೆ ಒಂದೇ ಸೌಟು, ಅದೂ ತುಂಬಿ ತುಳುಕುವಂತೆ.

ಮೂರನೆಯ ದಿನ ಅದು ಕೊಪ್ಪರಿಗೆಗೆ ಹೇಳಿತು: “ಈ ಊರವರ ಸಜ್ಜನಿಕೆ ನೋಡು. ಗಟ್ಟಿಮುಟ್ಟಾದ ಗಂಡಸರೆಲ್ಲ ಸಾಲಿನ ಕೊನೆಗೆ ನಿಲ್ಲುತ್ತಾರೆ. ‘ನೀ ಮುಂದ ಹೋಗಬೇ ಯವ್ವಾ’ ಎಂದು ಮುದುಕಿ ಭರಮವ್ವನನ್ನು ದಿನವೂ ಮೊದಲು ಕಳಿಸುತ್ತಾರೆ.”

“ನೀನು ಎಲ್ಲಿಂದ ಮೊಗೆಯುತ್ತೀಯೆ?” ಎಂದು ಕೊಪ್ಪರಿಗೆ ಕೇಳಿತು.

“ಮೇಲಿನಿಂದ. ಗಂಜಿ ಇಳಿದಂತೆ ನಾನೂ ಇಳಿಯುತ್ತೇನೆ. ಅದರಲ್ಲೇನು ತಪ್ಪು?”

“ಮೇಲಿರುವುದು ಬರೀ ತಿಳಿನೀರು. ಅಗುಳೆಲ್ಲ ನನ್ನ ತಳದಲ್ಲಿದೆ. ನಿನಗೆ ಗೊತ್ತಿಲ್ಲದಿರಬಹುದು, ಸಾಲಿನ ಕೊನೆಯಲ್ಲಿ ನಿಂತವರಿಗೆ ಗೊತ್ತು.”

ಮೂರು ದಿನವೂ ಭರಮವ್ವನ ತಟ್ಟೆಗೆ ಬಿದ್ದದ್ದು ಬರೀ ತಿಳಿನೀರೆಂದು ಸೌಟಿಗೆ ಈಗ ಹೊಳೆಯಿತು.

ಮರುದಿನ ಅದು ನೇರ ತಳಕ್ಕಿಳಿದು, ಕೊಪ್ಪರಿಗೆಯನ್ನೆಲ್ಲ ಚೆನ್ನಾಗಿ ಕಲಕಿ, ಆಮೇಲೆ ಬಡಿಸತೊಡಗಿತು. ಪ್ರತಿ ಸೌಟಿಗೂ ಮೊದಲು ಇನ್ನೊಮ್ಮೆ ಕಲಕಿತು. ಮೊದಲ ತಟ್ಟೆಗೂ ಕೊನೆಯ ತಟ್ಟೆಗೂ ಒಂದೇ ಬಗೆಯ ಗಂಜಿ ಬಿತ್ತು.

ಅದರ ಮರುದಿನ ಊಟದ ಗಂಟೆ ಬಾರಿಸುವ ಮೊದಲೇ ಗಂಡಸರೆಲ್ಲ ಸಾಲಿನ ಮುಂದಿದ್ದರು. ಭರಮವ್ವ ಎಂದಿನಂತೆ ಮುಂದೆ ಬಂದಾಗ ಅವರಲ್ಲೊಬ್ಬ, “ಎಲ್ಲಾರೂ ನಿಂತಿಲ್ಲೇನು, ಹಿಂದ ಹೋಗಬೇ” ಎಂದ. ಅವಳು ಹೋಗಿ ಎಲ್ಲರಿಗಿಂತ ಕೊನೆಗೆ ನಿಂತಳು.

ಅಂದು ಅವಳಿಗೆ ಯಾರೂ ದಾರಿ ಬಿಡಲಿಲ್ಲ. ಆದರೆ ತಟ್ಟೆಯಲ್ಲಿ ಅನ್ನವಿತ್ತು.