ಹೆಗ್ಗಣಪ್ಪ ಹಂಚಿದ ಅವರೆ ಬೀಜ

ಹೆಗ್ಗಣಪ್ಪನ ಅವರೆಯಂಥ ಅವರೆ ಸುತ್ತಿನ ಯಾವ ಹಿತ್ತಿಲಲ್ಲೂ ಬೆಳೆಯುತ್ತಿರಲಿಲ್ಲ. ಬೆಳೆಯಲೂ ಬಾರದು ಎಂಬುದು ಅವನ ಆಸೆ. ಆದರೆ ಬೀಜ ಕೇಳಿ ಬಂದವರನ್ನು ಬರಿಗೈಲಿ ಕಳಿಸಿದರೆ ಜಿಪುಣನೆಂಬ ಹೆಸರು ಬರುತ್ತದಲ್ಲ! ಅದಕ್ಕೆ ಒಂದು ಉಪಾಯ ಹೂಡಿದ. ಹಂಚುವ ಬೀಜವನ್ನೆಲ್ಲ ಚೆನ್ನಾಗಿ ಬೇಯಿಸಿ, ಬಿಸಿಲಿಗೆ ಒಣಗಿಸಿ, ಹುಳು ಹಿಡಿಯದಂತೆ ಎಲ್ಲರೂ ಮಾಡುವ ಹಾಗೆ ಬೂದಿಯಲ್ಲಿ ಹೊರಳಿಸಿ ಒಂದು ಗಡಿಗೆಗೆ ತುಂಬಿದ. ತನಗೆ ಇಟ್ಟುಕೊಂಡ ಬೇಯಿಸದ ಬೀಜಕ್ಕೂ ಬೂದಿ ಬಳಿದು ಇನ್ನೊಂದು ಗಡಿಗೆಗೆ ಹಾಕಿದ.

ಮಳೆ ಬಿದ್ದದ್ದೇ ತಡ, ಕೋಳಿ ಕೆಂಚವ್ವ, ಮೊಲ, ಓತಿಕ್ಯಾತ ಎಲ್ಲರೂ ಬಂದರು. "ಸಂಕೋಚ ಬೇಡ, ಸೆರಗೊಡ್ಡಿ!" ಎಂದು ಹೆಗ್ಗಣಪ್ಪ ಗಡಿಗೆಯನ್ನೇ ಬೋರಲು ಹಾಕಿದ.

ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಅವರೆಯೂ ಚಪ್ಪರ ಏರಿತು. ಹೆಗ್ಗಣಪ್ಪನ ಪಾತಿಯಲ್ಲಿ ಮಾತ್ರ ಒಂದು ಮೊಳಕೆಯೂ ಇಲ್ಲ. ನೀರು ಹೊಯ್ದ, ಗೊಬ್ಬರ ಹಾಕಿದ, ಮಣ್ಣಿಗೆ ಕಿವಿಯಿಟ್ಟು ಕೇಳಿದ, ಕೊನೆಗೆ ಬೈದೂ ನೋಡಿದ. ಗಡಿಗೆ ಅದಲುಬದಲಾದದ್ದು ಆಗ ಹೊಳೆಯಿತು. ಹೇಳಿಕೊಳ್ಳುವುದು ಯಾರ ಹತ್ತಿರ?

ಸುಗ್ಗಿಯಲ್ಲಿ ಕೆಂಚವ್ವ ಆ ಬರಿಯ ಪಾತಿ ನೋಡಿ ಮರುಗಿ, ರೆಕ್ಕೆ ತುಂಬ ಬೀಜ ತಂದಳು. "ನೀವು ಕೊಟ್ಟದ್ದೇ, ಯಜಮಾನರೇ. ನಿಮ್ಮ ಧರ್ಮದಿಂದ ನಮ್ಮ ಮನೆ ತುಂಬಿತು. ಬಿತ್ತಿಕೊಳ್ಳಿ."

ಹೆಗ್ಗಣಪ್ಪ ಒಂದು ಕಾಳನ್ನು ಮೂಸಿದ, ಕಚ್ಚಿದ, ಬೆಳಕಿಗೆ ಹಿಡಿದ. "ಬೇಯಿಸಿಲ್ಲ ತಾನೇ?"

ಕೆಂಚವ್ವ ಕತ್ತು ಓರೆ ಮಾಡಿದಳು. "ಬಿತ್ತನೆ ಬೀಜವನ್ನು ಯಾರಾದರೂ ಬೇಯಿಸುತ್ತಾರೆಯೇ?"

ಓಡಿಹೋಗಿ ಅಡಗೋಣವೆಂದರೆ, ತಾನು ಹುಟ್ಟಿ ಬೆಳೆದ ಬಿಲದ ಬಾಯಿಯೇ ಹೆಗ್ಗಣಪ್ಪನಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ.